ಯಾವ ಗಡ್ಡಿ?

ಅಥವಾ ಫೋನು ಬರುವ ಮೊದಲೇ ಕೊಡ ಅತ್ತೆಯ ಸೊಂಟದ ಮೇಲಿತ್ತೇನೋ. ಹಾಗಿದ್ದರೆ ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದೆಲ್ಲ ಬಿದ್ದುಹೋಗುತ್ತದೆ. ನನ್ನ ನೆನಪಿನಲ್ಲಿ ಮೊದಲು ಫೋನು ಬಡಿದುಕೊಳ್ಳುತ್ತದೆ, ಆಮೇಲೆ ಅತ್ತೆ ಕೊಡ ಎತ್ತಿಕೊಳ್ಳುತ್ತಾಳೆ, ಆಮೇಲೆ ಓಡುತ್ತಾಳೆ. ಎಲ್ಲ ಶಾಲೆಯ ಮಕ್ಕಳ ಹಾಗೆ ಕೈಕಟ್ಟಿ ಸಾಲಾಗಿ ನಿಂತಿವೆ. ಅದಕ್ಕೇ ನನಗೆ ಅನುಮಾನ. ಆ ಮಧ್ಯಾಹ್ನ ಬೇರೆ ಯಾವುದೂ ಸಾಲಿನಲ್ಲಿ ನಿಂತಿರಲಿಲ್ಲ, ಕೋಳಿಗಳೂ ಸೇರಿ.

ಅತ್ತೆ ಎಂದರೆ ನನ್ನ ತಾಯಿಯ ಅಣ್ಣನ ಹೆಂಡತಿ. ಮಾವನದು ಕುರಿ ಕಾಯುವ ಮನೆತನ, ಜೊತೆಗೆ ಒಂದಿಷ್ಟು ಹೊಲ. ಊರು ಮಾಗನೂರಿನಿಂದ ಆಚೆಗೆ, ಕೃಷ್ಣೆಯ ದಂಡೆಯ ಮೇಲೆ. ಅತ್ತೆಯ ತವರು ಗದ್ವಾಲದ ಕಡೆಯ ಇಟಿಕ್ಯಾಲ. ಅಲ್ಲಿ ಮನೆಮಾತು ತೆಲುಗು, ಇಲ್ಲಿ ಕನ್ನಡ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕನ್ನಡದಲ್ಲಿ ಬೈಯಲಾರದೆ ಬಹಳ ಕಷ್ಟಪಟ್ಟಳಂತೆ. ಈಗ ಆ ಕಷ್ಟ ನಮ್ಮದಾಗಿದೆ.

ನಮ್ಮ ಬಂಧುಬಳಗದಲ್ಲಿ ಇನ್ನೂ ತೀರದ ಪ್ರಶ್ನೆ ಇದು: ಬೆಂಕಿ ಬಿತ್ತೆಂದು ಫೋನು ಬಂದ ದಿನ ಅತ್ತೆ ಓಡಿದ್ದು ಹುಲ್ಲಿನ ಬಣವೆಗೋ, ಗಂಡನ ಕಡೆಗೋ?

ಗೊಂದಲಕ್ಕೆ ಕಾರಣ ಒಂದು ಶಬ್ದ. ನಮ್ಮ ಕಡೆಯ ಕನ್ನಡದಲ್ಲಿ ಗಡ್ಡಿ ಎಂದರೆ ಹೊಳೆಯ ನಡುವೆ ಎದ್ದುನಿಂತ ನೆಲ, ಪುಸ್ತಕದವರು ನಡುಗಡ್ಡೆ ಅನ್ನುವುದು. ತೆಲುಗಿನಲ್ಲಿ ಗಡ್ಡಿ ಎಂದರೆ ಹುಲ್ಲು. ನಮ್ಮ ಮನೆಗಳಲ್ಲಿ ಎರಡೂ ನಡೆಯುತ್ತವೆ. ಗಡ್ಡಿಗೆ ಹೋಗಿ ಗಡ್ಡಿ ಕೊಯ್ದುಕೊಂಡು ಬಂದೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಇದು ಸಾಲದು ಎಂಬಂತೆ ಈರುಳ್ಳಿಯನ್ನು ನಾವು ಉಳ್ಳಾಗಡ್ಡಿ ಅನ್ನುತ್ತೇವೆ, ಬಿಸಿಲು ಬಡಿಯದಿರಲಿ ಎಂದು ಬೇಸಿಗೆಯಲ್ಲಿ ಅದನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುತ್ತೇವೆ. ಮಾವ ಹೊರಗೆ ಹೊರಟರೆ ರುಮಾಲಿನ ಮಡಿಕೆಯಲ್ಲಿ ಒಂದು ಇದ್ದೇ ಇರುತ್ತಿತ್ತು. ಹೀಗೆ ಒಬ್ಬ ಮನುಷ್ಯ ತಲೆಯ ಮೇಲೆ ಗಡ್ಡಿ ಇಟ್ಟುಕೊಂಡು, ಗಡ್ಡಿ ಮೇಯಿಸಲು, ಗಡ್ಡಿಗೆ ಹೋಗುವುದು ನಮ್ಮಲ್ಲಿ ಸಾಧಾರಣ ಸಂಗತಿ.

ಬೆಂಕಿಯೂ ಸಾಧಾರಣವೇ. ಬೇಸಿಗೆ ಬಂತೆಂದರೆ ಅದು ಕರೆಯದ ನೆಂಟನ ಹಾಗೆ ಊರೂರು ತಿರುಗುತ್ತದೆ. ನಾನಿರುವುದು ನಾರಾಯಣಪೇಟೆಯಲ್ಲಿ. ಅಲ್ಲಿಂದ ಮಕ್ತಲ್‌ಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕೂತರೆ, ಹೊತ್ತು ಮುಳುಗುವಾಗ ಯಾವುದಾದರೂ ಗುಡ್ಡದ ಮೈಮೇಲೆ ಸಣ್ಣ ಕೆಂಪು ಗೆರೆ ಕಾಣುತ್ತದೆ. ಒಣಹುಲ್ಲು ಉರಿಯುತ್ತಿರುತ್ತದೆ. ನಮ್ಮ ಓಣಿಯ ನೇಕಾರರು ಅದನ್ನು ನೋಡಿ, "ಗುಡ್ಡಕ್ಕ ಯಾರೋ ನಾರಾಣಪ್ಯಾಟಿ ಸೀರಿ ಅಂಚು ಹಾಕ್ಯಾರ" ಅನ್ನುತ್ತಾರೆ. ಹಚ್ಚಿದವರು ಯಾರು ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಹೊಲದವರು ಕುರಿಯವರ ಕಡೆ ಕೈ ತೋರಿಸುತ್ತಾರೆ: ಹಳೇ ಹುಲ್ಲು ಸುಟ್ಟರೆ ಮೊದಲ ಮಳೆಗೆ ಹೊಸದು ಚಿಗುರುತ್ತದೆ, ಅದಕ್ಕೆ. ಕುರಿಯವರು ಗದ್ದೆಯ ಕೂಳೆ ಸುಡುವ ಹೊಲದವರ ಕಡೆ ಕೈ ತೋರಿಸುತ್ತಾರೆ. ಇಬ್ಬರೂ ಸೇರಿದಾಗ ಮೋಟರ್ ಸೈಕಲ್ಲಿನ ಮೇಲೆ ಬೀಡಿ ಸೇದುತ್ತ ಹೋದ ಯಾರೋ ಒಬ್ಬ ಹುಟ್ಟಿಕೊಳ್ಳುತ್ತಾನೆ. ಅವನನ್ನು ಈವರೆಗೆ ಯಾರೂ ಕಂಡಿಲ್ಲ.

ಆ ವರ್ಷದ ಬಿಸಿಲು ಮಾತ್ರ ಸಾಧಾರಣದ್ದಾಗಿರಲಿಲ್ಲ. ಇದನ್ನು ಬರೆಯುವಾಗಲೇ ನನಗೆ ನಗು ಬರುತ್ತದೆ, ಯಾಕೆಂದರೆ ಪ್ರತಿ ವರ್ಷವೂ ನಾವು ಇದನ್ನೇ ಹೇಳುತ್ತೇವೆ. ಆದರೂ ಒಂದು ಸಾಕ್ಷಿ ಇದೆ. ಅತ್ತೆ ನಮ್ಮ ಓಣಿಯಲ್ಲಿ ಒಂದು ನೂಲಿನ ಸೀರೆ ನೇಯಲು ಹೇಳಿದ್ದಳು, ಅದು ಯುಗಾದಿಗೆ ಆಗಬೇಕಾದದ್ದು ಮುಗಿಯಲೇ ಇಲ್ಲ. ಗಾಳಿ ಒಣಗಿ ಮಗ್ಗದ ಮೇಲೆ ಎಳೆಗಳು ಕಡಿಯುತ್ತಿದ್ದವು. ನೇಕಾರ ದಿನವೂ ಮಗ್ಗದ ಕುಣಿಯ ಸುತ್ತ ನೀರು ಚಿಮುಕಿಸುತ್ತಿದ್ದ, ಗೋಡೆಗೆ ಹಸಿ ಗೋಣಿತಟ್ಟು ಕಟ್ಟಿದ್ದ, ಆದರೂ ನೇಯುವುದಕ್ಕಿಂತ ಗಂಟು ಹಾಕುವುದೇ ಹೆಚ್ಚಾಯಿತೆಂದು ಗೊಣಗುತ್ತಿದ್ದ. ಕೊನೆಗೆ ಸೀರೆ ಕೈಗೆ ಬಂದ ಮರುದಿನವೇ ನಾನು ಅತ್ತೆಯ ಊರಿಗೆ ಹೊರಟೆ. ಅದೇ ಈ ದಿನ.

ಮನೆ ಮುಟ್ಟಿದಾಗ ಬಾಗಿಲಿಗೆ ಗೋಣಿತಟ್ಟಿನ ಪರದೆ ಇತ್ತು. ಅತ್ತೆ ಆಗಾಗ ಎದ್ದು ಅದಕ್ಕೆ ನೀರು ಹೊಡೆಯುತ್ತಿದ್ದಳು. ಕೊಡ ಮೊದಲೇ ಸೊಂಟದ ಮೇಲಿತ್ತೇನೋ ಎಂಬ ನನ್ನ ಅನುಮಾನ ಹುಟ್ಟುವುದು ಇಲ್ಲಿಯೇ. ಚಪ್ಪಲಿಯನ್ನು ಅಂಗಳದಲ್ಲಿ ಬಿಟ್ಟು ಒಳಗೆ ಹೋದೆ. ಇದನ್ನೂ ನೆನಪಿನಲ್ಲಿಡಬೇಕು.

"ಸೀರಿಗೆ ಇಷ್ಟ್ಯಾಕ ತಡ ಆತು?" ಅಂದಳು ಅತ್ತೆ.

"ಬಿಸಲಿಗೆ ಎಳಿ ಕಡೀತಾವಂತ ಅತ್ತಿ."

"ನೂಲಿಗೂ ಬಿಸಲು ಬಡೀತೈತೇನು? ಮಗ್ಗದಾಗ ಒಂದು ಉಳ್ಳಾಗಡ್ಡಿ ಇಡಾಕ ಹೇಳಬೇಕಿಲ್ಲ?"

ಮಾವ ಮನೆಯಲ್ಲಿರಲಿಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಊರ ಎದುರಿನ ಗಡ್ಡಿಯಲ್ಲಿ ಜೊಂಡು, ಹುಲ್ಲು ಉಳಿದಿರುತ್ತವೆ. ಕುರಿಗಳನ್ನು ಅಲ್ಲಿಗೆ ದಾಟಿಸಿ ಅವನೂ ಅಲ್ಲೇ ಉಳಿಯುತ್ತಿದ್ದ. ಆ ಸಲ ಹೋಗುವಾಗ ಮನೆಗಿಂತ ಗಡ್ಡಿಯೇ ತಂಪು ಎಂದು ಅತ್ತೆಯನ್ನು ನೋಡುತ್ತ ಹೇಳಿದ್ದನಂತೆ. ತಂಪು ಎಂಬುದಕ್ಕೆ ಬಿಸಿಲಿಗೆ ಸಂಬಂಧಿಸದ ಅರ್ಥವೂ ಇದೆಯೆಂದು ತಿಳಿಯದಷ್ಟು ಅತ್ತೆ ಇಟಿಕ್ಯಾಲದವಳಾಗಿ ಉಳಿದಿರಲಿಲ್ಲ. "ಹಂಗಾರ ಮಳಿ ಬರೋತನಕ ಈ ಕಡಿ ಬರಬ್ಯಾಡ್ರಿ" ಅಂದಳು. ಅವನು ಬರಲಿಲ್ಲ. ವಾರ ಕಳೆಯಿತು. ಮಳೆಯೂ ಬರಲಿಲ್ಲ.

"ಮಾವ ಹೆಂಗದಾನ?" ಅಂದೆ.

"ಅವರಿಗೇನಾಗೈತಿ? ನೀರೈತಿ, ಗಾಳಿ ಐತಿ, ಕುರಿ ಅದಾವು. ತಿರುಗಿ ಮಾತಾಡವರಿಲ್ಲ. ಇನ್ನೇನು ಬೇಕು?"

"ಊಟ?"

"ನಾಯಿಗೆ ದಿನಾ ರೊಟ್ಟಿ ಕಳಸ್ತೀನಿ ಹರಿಗೋಲಿನವನ ಕೈಯಾಗ. ನಿಮ್ ಮಾವ ಅದನ್ನ ಕಸಗೊಂಡು ತಿಂದ್ರ ನಾ ಏನು ಮಾಡ್ಲಿ?"

"ನಾಯಿಗೆ ಪಲ್ಲೆನೂ ಬೇಕಾ ಅತ್ತಿ?" ಬಾಗಿಲ ಹತ್ತಿರ ಕಟ್ಟಿಟ್ಟ ಬುತ್ತಿಯಿಂದ ಬದನೆಕಾಯಿಯ ವಾಸನೆ ಬರುತ್ತಿತ್ತು.

"ಒಣಾ ರೊಟ್ಟಿ ಅದು ತಿನ್ನಂಗಿಲ್ಲಪ. ನಿಮ್ ಮಾವನ ನಾಯಿ ಅಲ್ಲ, ಸೊಕ್ಕು ಭಾಳ."

ಇಷ್ಟು ಮಾತು ನನಗೆ ಸ್ಪಷ್ಟವಾಗಿ ನೆನಪಿದೆ. ಅಂದರೆ ಇದರಲ್ಲಿ ಅರ್ಧವನ್ನು ನಾನು ಆಮೇಲೆ ಸೇರಿಸಿರಬೇಕು.

ಆಗ ಫೋನು ಬಂತು. ಬಿಸಿಲಿಗೆ ಫೋನು ಕಾಯ್ದು ಆರಿಹೋಗುತ್ತದೆ ಎಂದು ಅತ್ತೆ ಅದನ್ನು ಮಣ್ಣಿನ ನೀರಿನ ಗಡಿಗೆಯ ಮುಚ್ಚಳದ ಮೇಲೆ ಇಡುತ್ತಿದ್ದಳು. ಅದು ನಡುಗಿ, ಮುಚ್ಚಳ ಕಟಕಟ ಅಂದಿತು. ಅತ್ತೆ ಸ್ಪೀಕರ್ ಒತ್ತಿದಳು. ಹರಿಗೋಲಿನವನ ದನಿ. ಅವನು ಯಾವಾಗಲೂ ತೆಲುಗು ಮಾತಾಡುವವನು. "ಅಕ್ಕಾ, ಗಡ್ಡಿ ಅಂಟುಕುಂದಿ" ಅಂದ. ಗಡ್ಡಿ ಹೊತ್ತಿಕೊಂಡಿತು, ಅಷ್ಟೇ. ಮುಂದೆ ಏನೋ ಹೇಳುವಷ್ಟರಲ್ಲಿ ಫೋನು ಆರಿತು.

ಯಾವ ಗಡ್ಡಿ? ವಾಕ್ಯ ತೆಲುಗಿನದು, ಆದ್ದರಿಂದ ಹುಲ್ಲು. ಹೇಳಿದವನು ಹೊಳೆಯ ಮನುಷ್ಯ, ಆದ್ದರಿಂದ ನಡುಗಡ್ಡೆ. ತೆಲುಗು ಮಾತಾಡುವಾಗಲೂ ಇಲ್ಲಿಯವರು ಎದುರಿನ ಆ ನೆಲಕ್ಕೆ ಗಡ್ಡಿ ಎಂದೇ ಅನ್ನುತ್ತಾರೆ. ಹೊರಗೆ ನೋಡಿ ತಿಳಿಯೋಣವೆಂದರೆ ಆ ದಿನಗಳಲ್ಲಿ ಆಕಾಶದ ಎಲ್ಲ ಮೂಲೆಗಳಲ್ಲೂ ಹೊಗೆ. ಯಾರೋ ಹತ್ತಿಕಟ್ಟಿಗೆ ಸುಡುತ್ತಿರುತ್ತಾರೆ, ಯಾರೋ ಗದ್ದೆಯ ಕೂಳೆ. ಅತ್ತೆಯ ಬಣವೆಯ ಪಕ್ಕದ ಗದ್ದೆಯನ್ನು ಹಿಂದಿನ ದಿನವೇ ಸುಟ್ಟಿದ್ದರು, ಕಿಡಿ ಹಾರಬಹುದೆಂದು ಅವಳು ಬೆಳಿಗ್ಗೆಯಿಂದ ಗೊಣಗುತ್ತಿದ್ದಳಂತೆ. ಈ ಯೋಚನೆಗಳನ್ನೆಲ್ಲ ನಾನು ಈಗ ಕೂತು ಮಾಡುತ್ತಿದ್ದೇನೆ. ಆಗ ಅತ್ತೆ ಏನೂ ಯೋಚಿಸಲಿಲ್ಲ. "ಗಡ್ಡಿ ಹತ್ತೇತಿ" ಎಂದು ಹೇಳುತ್ತ ಪರದೆ ಸರಿಸಿ ಹೊರಟುಹೋದಳು. ಕೊಡ ಅವಳ ಜೊತೆ ಹೋಯಿತು.

ನಾನು ಹಿಂದೆಯೇ ಓಡಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಾನು ಚಪ್ಪಲಿಯ ಹತ್ತಿರ ನಿಂತೆ. ಬಿಸಿಲಲ್ಲಿ ಬಿಟ್ಟ ಚಪ್ಪಲಿ ಕಾದ ಹಂಚಿನಂತಾಗಿತ್ತು. ಒಳಗೆ ಕಾಲಿಡುವಂತಿಲ್ಲ, ಬಿಟ್ಟು ನೆಲದ ಮೇಲೆ ನಡೆಯುವಂತಿಲ್ಲ. ಒಂದು ಕಾಲಿನ ಮೇಲೆ ಕುಣಿದೆ, ಪರದೆಯ ಒದ್ದೆ ತುದಿಗೆ ಚಪ್ಪಲಿ ಒರೆಸಿದೆ. ನಮ್ಮ ಮನೆತನದ ಅತಿ ಮುಖ್ಯ ಘಟನೆಯ ಏಕೈಕ ಪ್ರತ್ಯಕ್ಷ ಸಾಕ್ಷಿ ಆ ಹೊತ್ತಿನಲ್ಲಿ ತನ್ನ ಅಂಗಾಲು ಊದಿಕೊಳ್ಳುತ್ತಿದ್ದ.

ಬಣವೆ ಇರುವುದು ಮನೆಯ ಹಿಂದಿನ ಹಿತ್ತಲಲ್ಲಿ. ಹೊಳೆಗೆ ಹೋಗುವ ದಾರಿ ಆ ಹಿತ್ತಲನ್ನು ದಾಟಿಯೇ ಹೋಗುತ್ತದೆ. ಊರು ಕಟ್ಟಿದವರು ನನ್ನಂಥವನಿಗೆ ಒಂದಿಷ್ಟು ಅನುಕೂಲ ಮಾಡಿಕೊಡಬಹುದಿತ್ತು, ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಇಟ್ಟು.

ನಾನು ಕುಣಿಯುತ್ತ ಅಲ್ಲಿಗೆ ಹೋದಾಗ ಓಣಿಯ ಹೆಂಗಸರು ಸೇರಿ ಬಣವೆಗೆ ನೀರು ಹೊಡೆಯುತ್ತಿದ್ದರು. ಅತ್ತೆಯ ಮಾತು ಕೇಳಿ ಅವರೂ ತಮಗೆ ತಿಳಿದ ಗಡ್ಡಿಗೆ ಓಡಿಬಂದಿದ್ದರು. ಪಕ್ಕದ ಮನೆಯ ಮುದುಕಿ ನೆರಳಲ್ಲಿ ಕೂತು ಹುಕುಂ ಕೊಡುತ್ತಿದ್ದಳು.

"ಬೆಂಕಿ ಎಲ್ಲೈತಬೇ?" ಒಬ್ಬಳು ಕೇಳಿದಳು.

"ಒಳಗಿರತೈತಿ. ಹೊಡಿ."

"ಹೊಗೀನ ಇಲ್ಲಲ್ಲ ಆಯಿ."

"ಹೊಗಿ ಬರೋತನಕ ಕಾಯ್ತಿಯೇನು? ಹೊಡಿ ಅಂದ್ರ ಹೊಡಿ."

"ಬಣವಿಗೆ ಯಾರಬೇ ಎಣ್ಣಿ ಹಚ್ಚಿದಾರು? ಜಳಕಾ ಮಾಡಸಾಕತ್ತೀರಿ" ಎಂದು ಇನ್ನೊಬ್ಬಳು ನಗಲು ಶುರು ಮಾಡಿದಳು. ಆ ಬಿಸಿಲಲ್ಲಿ ಮೈಮೇಲೆ ನೀರು ಬಿದ್ದದ್ದೇ ಅವರಿಗೆಲ್ಲ ಹಬ್ಬವಾಗಿತ್ತು. ಒಬ್ಬರ ಮೇಲೊಬ್ಬರು ಎರಚುತ್ತಿದ್ದರು.

ಅತ್ತೆ ಅಲ್ಲಿರಲಿಲ್ಲ.

"ಅತ್ತಿ ಎಲ್ಲಿ?"

"ಹೊಳಿ ಕಡಿ ಓಡಿದ್ಲಪ" ಅಂದಳೊಬ್ಬಳು.

"ಇನ್ನಷ್ಟು ನೀರು ತರಾಕ ಹೋಗಿರಬೇಕು" ಅಂದಳು ನಗುತ್ತಿದ್ದವಳು.

"ಮೊದಲನೇ ಕೊಡ ಆಕೀನ ಹಾಕಿದ್ದು, ನಾ ನೋಡೀನಿ" ಎಂದಳು ಮುದುಕಿ.

"ಅದು ನಾ ಆಯಿ. ನನಗೂ ಆಕಿಗೂ ಫರಕು ಗೊತ್ತಾಗಂಗಿಲ್ಲ ನಿನಗ."

ಆಗ ನನಗೆ ಹೊಳೆಯಿತು, ಯಾವ ಗಡ್ಡಿ ಎಂದು. ಹೊಳೆಯಿತು ಎಂಬ ಮಾತು ಸುಳ್ಳು. ಹೊಳೆಯ ಕಡೆಯಿಂದ ಗಾಳಿ ಬೀಸಿತು, ಆ ಗಾಳಿಯಲ್ಲಿ ಸುಟ್ಟ ಉಣ್ಣೆಯ ವಾಸನೆ ಇತ್ತು. ಹೆಂಗಸರ ನಗು ನಿಂತಿತು. ಮುದುಕಿ ಸೆರಗಿನ ಗಂಟಿನಲ್ಲಿದ್ದ ದೇವರ ಭಂಡಾರದ ಅರಿಶಿನ ತೆಗೆದು ಹಣೆಗೆ ಹಚ್ಚಿಕೊಂಡು, "ಮೈಲಾರಲಿಂಗ" ಅಂದಳು, ಸಣ್ಣ ದನಿಯಲ್ಲಿ.

ಹೊಳೆಯ ಹಾದಿಯಲ್ಲಿ ಅತ್ತೆ ನನಗಿಂತ ಬಹಳ ಮುಂದೆ ಹೋಗುತ್ತಿದ್ದಳು. ಬರಿಗಾಲು, ಎಡ ಸೊಂಟದ ಮೇಲೆ ಕೊಡ. ಸೀರೆ ಎಡಗಡೆ ನೆರಿಗೆಯವರೆಗೆ ಒದ್ದೆಯಾಗಿತ್ತು. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಯಾಕೆ ಒದ್ದೆಯಾಗಿತ್ತು ಎಂದು ಹೇಳಲಾರೆ.

ದಂಡೆಗೆ ಬಂದು ನೋಡಿದರೆ ಗಡ್ಡಿ ಇರಲಿಲ್ಲ. ಹೊಗೆ ಇತ್ತು. ಅದರ ಕೆಳಗೆ ಎಲ್ಲೋ ಜೊಂಡು ಪಟಪಟ ಸಿಡಿಯುತ್ತಿತ್ತು, ಯಾರೋ ಬಾಗಿಲು ಬಡಿಯುತ್ತಿರುವ ಹಾಗೆ. ಹರಿಗೋಲಿನವನು ತನ್ನ ಹರಿಗೋಲನ್ನು ನೀರಿಗೆ ಇಳಿಸಿ ಹಿಡಿದುಕೊಂಡು ನಿಂತಿದ್ದ. ಎರಡು ಸಲ ಹೋಗಿ ತಿರುಗಿ ಬಂದಿದ್ದನಂತೆ, ಗಾಳಿ ಈ ಕಡೆಗೇ ಇದ್ದದ್ದರಿಂದ ಹೊಗೆಯೊಳಗೆ ದಾರಿ ಕಾಣಲಿಲ್ಲ. "ಪೆದ್ದನ್ನ ನೀಳ್ಳಲ್ಲೋ ಉಂಟಾಡು ಅಕ್ಕಾ" ಅಂದ. ನೀರಿನಲ್ಲೇ ಇರುತ್ತಾನೆ ದೊಡ್ಡಣ್ಣ ಎಂದು. ಅದು ಸಮಾಧಾನದ ಮಾತೋ ಅಥವಾ ಅದಕ್ಕೆ ವಿರುದ್ಧವಾದದ್ದೋ ತಿಳಿಯಲಿಲ್ಲ.

ಅತ್ತೆ ಮೊಳಕಾಲಿನವರೆಗೆ ನೀರಿಗಿಳಿದಳು. ಕೂಗಬೇಕು. ಆದರೆ ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಈವರೆಗೆ ಅತ್ತೆಯ ಬಾಯಲ್ಲಿ ಆ ಹೆಸರು ನಾನು ಕೇಳಿರಲಿಲ್ಲ. ಅವಳು ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದು ನಾಯಿಯ ಹೆಸರು ಹಿಡಿದು ಕೂಗಿದಳು. ಗಂಡನಿಗೆ ರೊಟ್ಟಿ ಕಳಿಸುವುದೂ ನಾಯಿಯ ಹೆಸರಿನಲ್ಲೇ, ಕೂಗುವುದೂ ಅದರ ಹೆಸರಿನಲ್ಲೇ. ಗಂಟಲು ಒಡೆಯುವ ಹಾಗೆ ಅದೇ ಹೆಸರನ್ನು ಕೂಗುತ್ತಿದ್ದಳು, ಹರಿಗೋಲಿನವನು ತಲೆ ತಗ್ಗಿಸಿ ನಿಂತಿದ್ದ. ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಾನೂ ನಾಯಿಯನ್ನೇ ಕರೆದೆ.

ಎಷ್ಟು ಹೊತ್ತಿನ ಮೇಲೋ, ನಾಯಿ ಬೊಗಳಿತು.

ಹೊಗೆ ಸ್ವಲ್ಪ ಸರಿದಾಗ ಮೊದಲು ಕಂಡದ್ದು ಕುರಿಗಳ ತಲೆಗಳು, ನೀರಿನ ಮೇಲೆ ಯಾರೋ ಕರಿ ಕಂಬಳಿ ಹಾಸಿದ ಹಾಗೆ. ಅವುಗಳ ನಡುವೆ ಎದೆಮಟ್ಟದ ನೀರಿನಲ್ಲಿ ಮಾವ. ಒಂದು ಕೈಯಲ್ಲಿ ಮುಂದಾಳು ಟಗರಿನ ಕೊಂಬು. ಕುರಿ ನೀರಿಗೆ ಹೆದರುತ್ತದೆ. ಆ ಟಗರನ್ನು ಎಳೆದು ಒಳಗಿಳಿಸಿದ ಮೇಲೆ ಉಳಿದವು ಇಳಿದಿದ್ದವು. ಹರಿಗೋಲು ಆ ಕಡೆಗೆ ಹೋಯಿತು.

ಮಾವ ಈ ದಂಡೆಗೆ ಬಂದು ಕಾಲೂರಿದಾಗ ಮುಖವೆಲ್ಲ ಮಸಿ, ಬಲ ಮೊಳಕೈಯ ಚರ್ಮ ಎದ್ದಿತ್ತು. ಅತ್ತೆಯನ್ನು ನೋಡಿದ.

"ಮಳಿ ಬಂತೇನು?" ಅಂದ.

ಅತ್ತೆ ಅವನ ಮೊಳಕೈ ನೋಡಿದಳು.

"ಅಲ್ಲ, ಮಳಿ ಬರೋತನಕ ಬರಬ್ಯಾಡ ಅಂದಿದ್ದಿ. ಕೇಳೇ ಬರಬೇಕಲ್ಲ." ಆಮೇಲೆ ಅವಳ ಸೊಂಟದ ಕಡೆ ನೋಡಿ, "ಕೊಡ ಯಾಕ ತಂದಿ? ಹೊಳಿಯಾಗ ನೀರು ಕಡಿಮಿ ಬಿದ್ದಾವೇನು?"

ಅವಳು ಅವನ ರುಮಾಲು ಬಿಚ್ಚಿ ತೊಯಿಸಿ ಕೈಗೆ ಸುತ್ತತೊಡಗಿದಳು. ಮಡಿಕೆಯಿಂದ ಉಳ್ಳಾಗಡ್ಡಿ ಬಿತ್ತು, ಮೇಲಿನ ಸಿಪ್ಪೆ ಕಂದಿತ್ತು. ಮಾವ ಅದನ್ನು ಎತ್ತಿಕೊಂಡು ಮೂಸಿ, "ಇದೂ ಬೆಂದೈತಿ" ಅಂದ. ನಾವು ನಕ್ಕೆವು. ಆಮೇಲೆ ಮನೆಗೆ ಬಂದು ಆ ಉಳ್ಳಾಗಡ್ಡಿಯನ್ನು ನಾಯಿಯ ಬುತ್ತಿಯ ಜೊತೆ ತಿಂದ.

ನಾವಿನ್ನೂ ದಂಡೆಯ ಮೇಲಿರುವಾಗಲೇ ಮಳೆ ಬಂತು ಎಂದು ನನ್ನ ನೆನಪು ಹೇಳುತ್ತದೆ. ಪಡುವಣದಿಂದ ಕೆಂಪು ಧೂಳು ಎದ್ದು, ಆಣೆಕಲ್ಲು ಬಿದ್ದು, ಗಡ್ಡಿಯ ಬೆಂಕಿ ಚುಂಯ್ ಎಂದು ಆರಿತು, ನಾವು ಕೊಡೆಯಿಲ್ಲದೆ ಹರಿಗೋಲನ್ನೇ ತಲೆಯ ಮೇಲೆ ಬೋರಲು ಹಾಕಿಕೊಂಡು ಕೂತೆವು. ಬಹಳ ಚೆಂದದ ಮಳೆ. ಕಥೆಗೆ ಬೇಕಾದ ಹೊತ್ತಿಗೆ ಸರಿಯಾಗಿ ಬಂದ ಮಳೆಯನ್ನು ನಾನು ನಂಬುವುದಿಲ್ಲ. ಅತ್ತೆ ಆ ಮಳೆ ಮರುದಿನದ್ದು ಅನ್ನುತ್ತಾಳೆ. ಹರಿಗೋಲಿನವನು ಅದು ಬೇರೆಯೇ ವರ್ಷದ್ದು, ಆ ಸಲ ಬೆಂಕಿ ತಾನಾಗಿಯೇ ತಿನ್ನಲು ಏನೂ ಸಿಗದೆ ಆರಿತು ಅನ್ನುತ್ತಾನೆ. ಮಳೆಯನ್ನು ಇಲ್ಲಿಂದ ಹೊಡೆದುಹಾಕುತ್ತಿದ್ದೇನೆ. ಹರಿಗೋಲಿನ ಕೆಳಗೆ ಕೂತದ್ದನ್ನು ಹೊಡೆದುಹಾಕಲು ಮನಸ್ಸಾಗುತ್ತಿಲ್ಲ.

ಅಂದಿನಿಂದ ಮಾವನಿಗೆ ಒಂದು ಕಥೆ ಸಿಕ್ಕಿತು. ಮದುವೆಯ ಪಂಕ್ತಿಯಲ್ಲಿ, ಬೀರಪ್ಪನ ಗುಡಿಯ ಕಟ್ಟೆಯ ಮೇಲೆ, ಮಕ್ತಲ್‌ನ ಚಹಾದ ಹೋಟೆಲಿನಲ್ಲಿ ಅವನು ಅದನ್ನು ಹೇಳುತ್ತಾನೆ. "ಗಡ್ಡಿ ಮ್ಯಾಲಿನ ಗಡ್ಡಿಗೆ ಬೆಂಕಿ ಬಿದ್ದು, ತಲಿ ಮ್ಯಾಲಿನ ಗಡ್ಡಿ ಬೇಯಾಕತ್ತಿದ್ರ, ನಮ್ಮಾಕಿ ಹಿತ್ತಲಾಗಿನ ಗಡ್ಡಿಗೆ ನೀರು ಹೊಡದ್ಳು. ಇಟಿಕ್ಯಾಲದಾಕಿಗೆ ಗಂಡಗಿಂತ ಹುಲ್ಲು ಹಸರು." ಅತ್ತೆ ಮೊದಲ ಕೊಡ ಎತ್ತಿ ಬಣವೆಯ ಮೇಲೆ ಸುರಿಯುವುದನ್ನು ಅವನು ಕೈ ತಿರುಗಿಸಿ ಎಷ್ಟು ಚೆನ್ನಾಗಿ ತೋರಿಸುತ್ತಾನೆಂದರೆ, ನನಗೂ ಅದು ಕಣ್ಣಿಗೆ ಕಟ್ಟಿದೆ. ನಾನು ಆಗ ಚಪ್ಪಲಿಯ ಜೊತೆ ಕುಣಿಯುತ್ತಿದ್ದೆ, ಅವನು ಹೊಳೆಯಲ್ಲಿದ್ದ. ನೋಡದವರಿಬ್ಬರೂ ಸೇರಿ ನೋಡಿದ ದೃಶ್ಯ ಅದು. ಆ ಕಥೆಯಲ್ಲಿ ಅವನು ಹೇಳದೆ ಬಿಡುವುದೂ ಒಂದಿದೆ. ಹೊತ್ತು ತರಲಾಗದ ಕೆಲವು ಮರಿಗಳು ಹಿಂದೆ ಉಳಿದಿದ್ದವು. ಗಾಳಿಯಲ್ಲಿ ನಮಗೆ ಬಂದ ವಾಸನೆ ಅಲ್ಲಿ ಸುಟ್ಟ ತನ್ನ ಕಂಬಳಿಯದು ಮಾತ್ರ ಎಂದು ಅವನು ಹೇಳುತ್ತಾನೆ, ನಾವು ಹೌದೆನ್ನುತ್ತೇವೆ.

ಅತ್ತೆ ತನ್ನ ಪಕ್ಷವನ್ನು ಬಿಟ್ಟಿಲ್ಲ. ಫೋನು ಬಂದಾಗಲೇ ಯಾವ ಗಡ್ಡಿ ಎಂದು ತನಗೆ ಗೊತ್ತಾಯಿತು, ಬಣವೆಯನ್ನು ತಿರುಗಿಯೂ ನೋಡಲಿಲ್ಲ, ತುಂಬಿದ ಕೊಡದೊಂದಿಗೆ ನೆಟ್ಟಗೆ ಹೊಳೆಗೆ ಓಡಿದೆ ಅನ್ನುತ್ತಾಳೆ. ಸೀರೆ ಒದ್ದೆಯಾದದ್ದೇ ಅದಕ್ಕೆ ಸಾಕ್ಷಿ, ಕೊಡ ತುಳುಕಿತ್ತು.

"ತುಂಬಿದ ಕೊಡ ತುಳುಕಂಗಿಲ್ಲ ಅಂತಾರ" ಅಂದ ಮಾವ, ಈ ಸಲದ ಬೇಸಿಗೆಯಲ್ಲಿ, ನನ್ನ ಎದುರಿಗೇ.

"ಅದು ನಡಿಯೋರ ಕೊಡದ ಮಾತು" ಅಂದಳು ಅತ್ತೆ. "ನಾ ಓಡಿದ್ದೆ."

ಮಾವ ಬಲ ಮೊಳಕೈಯ ನುಣ್ಣನೆಯ ಕಲೆಯನ್ನು ಸವರಿಕೊಂಡು, ಕುರಿ ನೋಡುವ ನೆವ ಮಾಡಿ ಎದ್ದುಹೋದ. ಆ ವರ್ಷದ ಮೇಲೆ ಅವನು ಗಡ್ಡಿಯಲ್ಲಿ ಉಳಿಯುವುದಿಲ್ಲ, ಹೊತ್ತು ಮುಳುಗುವ ಮೊದಲೇ ಮನೆಗೆ ಬರುತ್ತಾನೆ. ಮನೆ ಈಗ ತಂಪಾಗಿದೆಯೇ ಎಂದು ಯಾರೂ ಕೇಳಿಲ್ಲ.

ಅವನು ಹೋದ ಮೇಲೆ ಅತ್ತೆ ಶೇಂಗಾ ಸುಲಿಯುತ್ತ, ನನ್ನ ಕಡೆ ನೋಡದೆ ಹೇಳಿದಳು:

"ನಗೋರು ನಗಲಿ. ನಾನೂ ನಕ್ಕೀನಿ. ಆದ್ರ ಕೇಳಿ ಕೇಳಿ, ಅವರು ನೀರಾಗ ನಿಂತಾಗ ನಾ ಹುಲ್ಲಿನ ಕಡಿ ಹೋಗಿದ್ನೇನೋ ಅಂತ ನನಗೂ ಒಮ್ಮೊಮ್ಮಿ ಅನಿಸಾಕತ್ತೈತಿ. ಮದಲ ಹಂಗ ಅನಿಸತಿದ್ದಿಲ್ಲ." ಇನ್ನೊಂದು ಕಾಯಿ ಒಡೆದು, "ನೀ ಬರಿಯಾಂವ ಅದೀ. ನನ್ನ ಹಿಂದ ಬಂದೀ. ಕೊಡ ತುಂಬಿತ್ತಲ್ಲ?"

ಹೌದು ಅಂದುಬಿಡಬಹುದಿತ್ತು. ಹೊರಗಿನಿಂದ ಮಾವನ ದನಿ ಬಂತು: "ತುಂಬಿತ್ತಂತ ಬರಿ ಅಳಿಯಾ. ಪುಸ್ತಕದಾಗರ ತುಂಬಿರಲಿ." ಅವನು ಕುರಿ ನೋಡಲು ಹೋಗಿರಲಿಲ್ಲ, ಗೋಡೆಯ ಆಚೆಯೇ ನಿಂತಿದ್ದ. ಅವನಿಗೂ ಉತ್ತರ ಬೇಕಿತ್ತು.

ದಂಡೆಯ ಮೇಲೆ ಅವಳು ಕೊಡವನ್ನು ಎಲ್ಲಿ ಇಳಿಸಿದಳೆಂದು ನೆನಪು ಮಾಡಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಇಳಿಸಿದ ಸದ್ದು ಕೇಳಿಸಿದರೆ ಸಾಕು, ತುಂಬಿದ ಕೊಡದ್ದೋ ಖಾಲಿಯದ್ದೋ ತಿಳಿಯುತ್ತದೆ. ನಾಯಿ ಬೊಗಳಿದ್ದು ಕೇಳಿಸುತ್ತದೆ. ಕೊಡದ ಸದ್ದು ಇಲ್ಲ. ನಾನು ಆಗ ಹೊಗೆಯನ್ನು ನೋಡುತ್ತಿದ್ದೆ. ಕೊಡದಲ್ಲಿ ನೀರಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.